ಕಾರು ತಗೊಂಡಿರಾ? ಮನೆಗೆ ತರುವ ಮುಂಚೆ ಪಾಲಿಸಿ ನೋಡಿ

ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ಬಂದವರು ಬಾಡಿಗೆ ಮನೆ, ಮಕ್ಕಳ ಸ್ಕೂಲು ಆದ ಮೇಲೆ ಮುಂದೆ ನೋಡುವುದು ಕಾರು. ಚಿಗರಿ ಬಸ್ ಇದೆ ನಿಜ. ಆದರೆ ಮನೆ ಕೇಶ್ವಾಪುರದಲ್ಲಿ, ಕೆಲಸ ಧಾರವಾಡದ ಯೂನಿವರ್ಸಿಟಿ ಕಡೆ, ವಯಸ್ಸಾದ ಅಪ್ಪ-ಅಮ್ಮ ಗದಗದಲ್ಲಿ ಅಂದರೆ ಒಂದು ಗಾಡಿ ಬೇಕೇ ಆಗುತ್ತದೆ. ಯಾವ ಕಾರು ಒಳ್ಳೇದು, ಮೈಲೇಜ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಕೊಂಡ ದಿನ ಅದನ್ನು ಮನೆಗೆ ಓಡಿಸಿಕೊಂಡು ಬರುವಾಗ ಇನ್ಶೂರೆನ್ಸ್ ಯಾರ ಹೆಸರಲ್ಲಿದೆ ಅಂತ ಕೇಳುವವರು ಕಡಿಮೆ.

ಮೊದಲು ಸೆಕೆಂಡ್ ಹ್ಯಾಂಡ್ ಕಾರಿನ ಮಾತು, ಯಾಕೆಂದರೆ ಜನ ಸಿಕ್ಕಿಬೀಳುವುದು ಇಲ್ಲೇ. ಮಾರುವವರು "ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳು ಐತ್ರಿ, ಚಿಂತಿ ಬ್ಯಾಡ್ರಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅದು ಅರ್ಧ ಮಾತು. ಕಾರು ಕೈ ಬದಲಾದಾಗ ಪಾಲಿಸಿಯ ಥರ್ಡ್ ಪಾರ್ಟಿ ಭಾಗ ಮಾತ್ರ ಕಾನೂನಿನ ಪ್ರಕಾರ ತಾನಾಗಿಯೇ ನಿಮ್ಮ ಕಡೆ ಬರುತ್ತದೆ. ಅಂದರೆ ನಿಮ್ಮ ಕಾರು ಬೇರೆಯವರಿಗೆ ಗುದ್ದಿದರೆ ಅವರಿಗೆ ಪರಿಹಾರ ಸಿಗುತ್ತದೆ. ನಿಮ್ಮದೇ ಕಾರಿನ ಡ್ಯಾಮೇಜ್ ಮತ್ತು ಕಳವಿನ ಭಾಗ ಹಾಗೆ ಬರುವುದಿಲ್ಲ. ಅದಕ್ಕೆ ನೀವೇ ಕಂಪನಿಗೆ ಅರ್ಜಿ ಕೊಡಬೇಕು, ಹಳೆಯ ಮಾಲೀಕರ ಒಪ್ಪಿಗೆಯೂ ಬೇಕು. 14 ದಿನದೊಳಗೆ ಕೊಡಿ ಅಂತ ನಿಯಮ ಹೇಳುತ್ತದೆ. ಆದರೆ 14 ದಿನ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಆ ಮಧ್ಯೆ ಗಬ್ಬೂರು-ನರೇಂದ್ರ ಬೈಪಾಸಿನಲ್ಲಿ ಲಾರಿಯೊಂದು ಬಂದು ಗುದ್ದಿದರೆ, ಪಾಲಿಸಿ ನಿಮ್ಮ ಹೆಸರಲ್ಲಿ ಇಲ್ಲ ಅಂತ ಕಂಪನಿ ಹೇಳುತ್ತದೆ, ಮಾರಿದವರಿಗೆ ಆ ಕಾರು ಈಗ ಅವರದಲ್ಲ ಅಂತ ಹೇಳುತ್ತದೆ, ಕೊನೆಗೆ ರಿಪೇರಿ ಖರ್ಚು ಪೂರ್ತಿ ನಿಮ್ಮ ಜೇಬಿನಿಂದ. ಆ ಬೈಪಾಸ್ ಎಷ್ಟು ಅಪಘಾತ ಕಂಡಿದೆ ಅಂತ ಇಲ್ಲಿಯ ಯಾರನ್ನಾದರೂ ಕೇಳಿ ನೋಡಿ, ಹೇಳುತ್ತಾರೆ.

ಹಾಗಾಗಿ ನಾವು ಹೇಳುವುದು ಇಷ್ಟೇ: ದುಡ್ಡು ಕೊಟ್ಟು ಕೀಲಿ ತೆಗೆದುಕೊಳ್ಳುವ ಹೊತ್ತಿಗೇ ಕಾರಿನ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, ಫಾರ್ಮ್ 30ಕ್ಕೆ ಇಬ್ಬರೂ ಸಹಿ ಹಾಕಿ, ಪಾಲಿಸಿ ವರ್ಗಾವಣೆಗೆ ಮಾರುವವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಅಲ್ಲಿಂದಲೇ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ. ಡ್ಯಾಮೇಜ್ ಭಾಗ ನಿಮ್ಮ ಹೆಸರಿಗೆ ಬಂದಿದೆ ಅಂತ ಅವರು ಬರೆದು ಕೊಡುವವರೆಗೆ ಕಾರನ್ನು ಮಾರುವವರ ಮನೆಯಲ್ಲೇ ಬಿಟ್ಟಿದ್ದರೆ ಇನ್ನೂ ಒಳ್ಳೇದು. ಎರಡು ದಿನ ತಡವಾದರೆ ಏನೂ ಹೋಗುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ, ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದೇ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ 20ರಿಂದ 50 ಶೇಕಡಾವರೆಗೆ ಸಿಗುವ ಆ ರಿಯಾಯಿತಿ ಕಾರಿಗೆ ಅಂಟಿಕೊಂಡದ್ದಲ್ಲ, ಹಳೆಯ ಮಾಲೀಕರದ್ದು. ಪಾಲಿಸಿ ನಿಮ್ಮ ಹೆಸರಿಗೆ ಬರುವಾಗ ಆ ವ್ಯತ್ಯಾಸದ ಹಣ ಕಟ್ಟಿ ಅನ್ನುತ್ತಾರೆ, ಅದು ಮೋಸ ಅಲ್ಲ. ಹಾಗೆಯೇ ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆಯೂ ಹಳೆಯವರ ಹೆಸರಲ್ಲೇ ಇರುತ್ತದೆ. ನಿಮಗೆ ನಿಮ್ಮದೇ ಬೇಕು.

ಮಾರುವವರ ಹತ್ತಿರ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಇನ್ನೂ ಹುಷಾರಾಗಿರಿ. ಪೊಲೀಸರು ತಡೆದರೆ ಅದು ಸಾಕು, ದಂಡ ಬೀಳುವುದಿಲ್ಲ. ಆದರೆ ಅಂಥ ಪಾಲಿಸಿಯಲ್ಲಿ ಕಾರಿನ ಒಳಗೆ ಕೂತ ನಿಮ್ಮ ಮನೆಯವರಿಗೆ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ. ಹೊಸ ಕಾರು ಅಂತ ಹೆಂಡತಿ, ಮಕ್ಕಳು, ಅತ್ತೆ ಎಲ್ಲರನ್ನೂ ಕೂರಿಸಿಕೊಂಡು ಹಾವೇರಿಯಿಂದ ಹೈವೇ ಹಿಡಿಯುವ ಮುಂಚೆ ಇದನ್ನು ಯೋಚಿಸಿ. ಪಾಲಿಸಿಯೇ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕರೆ 4,000, ಜೈಲಿಗೂ ಅವಕಾಶ ಇದೆ. ಆದರೆ ದಂಡ ದೊಡ್ಡ ವಿಷಯ ಅಲ್ಲ. ಯಾರಿಗಾದರೂ ಪೆಟ್ಟಾದರೆ ಕೋರ್ಟ್ ಹೇಳುವ ಪರಿಹಾರವನ್ನು ಕೈಯಿಂದ ಕಟ್ಟಬೇಕಾಗುತ್ತದೆ, ಅದು ಒಂದು ಮನೆಯನ್ನೇ ಮುಳುಗಿಸುವಷ್ಟು ಇರಬಹುದು.

ಪಾಲಿಸಿಯಲ್ಲಿ ದಿನಾಂಕದ ಪಕ್ಕ ಗಂಟೆಯನ್ನೂ ನೋಡಿ. ಇವತ್ತು ಸಂಜೆ ನಾಲ್ಕಕ್ಕೆ ಹಣ ಕಟ್ಟಿದರೂ ಎಷ್ಟೋ ಪಾಲಿಸಿ ಶುರುವಾಗುವುದು ಮಧ್ಯರಾತ್ರಿಯಿಂದ. ಐದು ಗಂಟೆಗೆ ಗಾಡಿ ತೆಗೆದರೆ ಆ ಹೊತ್ತಿಗೆ ನಿಮಗೆ ರಕ್ಷಣೆ ಇಲ್ಲ.

ಶೋರೂಮಿನಿಂದ ಹೊಸ ಕಾರು ತಗೊಂಡರೆ ಕಷ್ಟ ಕಡಿಮೆ. ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, 2018ರ ಸೆಪ್ಟೆಂಬರಿನಿಂದ ಹೀಗಿದೆ. ಆದರೆ ಡ್ಯಾಮೇಜ್ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಮೂರು ವರ್ಷ ನಿಶ್ಚಿಂತೆ ಅಂದುಕೊಂಡವರಿಗೆ ಎರಡನೇ ವರ್ಷ ಗೊತ್ತಾಗುತ್ತದೆ. ಶೋರೂಮಿನಲ್ಲೇ ಇನ್ಶೂರೆನ್ಸ್ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ, ಹೊರಗೂ ರೇಟ್ ಕೇಳಿ. ಪಾಲಿಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯದ್ದಕ್ಕೆ ತಾಳೆ ಆಗುತ್ತದಾ ನೋಡಿ, ಒಂದು ಅಂಕಿ ತಪ್ಪಿದ್ದರೂ ಅಲ್ಲೇ ಸರಿ ಮಾಡಿಸಿ. ನುಗ್ಗಿಕೇರಿ ಹನುಮಪ್ಪನ ಗುಡಿಗೋ ಸಿದ್ಧಾರೂಢ ಮಠಕ್ಕೋ ಪೂಜೆಗೆ ಹೋಗುವುದು ಇದೆಲ್ಲ ಆದ ಮೇಲೆ.

ಗೋವಾದಿಂದಲೋ ಕೊಲ್ಹಾಪುರದಿಂದಲೋ ತಾತ್ಕಾಲಿಕ ನೋಂದಣಿ ಮೇಲೆ ಹೊಸ ಕಾರು ತರುವವರು ಅದರ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ. ಅವಧಿ ಮುಗಿದ ತಾತ್ಕಾಲಿಕ ನೋಂದಣಿಯ ಹೊಸ ಬೊಲೆರೊ ಒಂದು ಜೋಧಪುರದಲ್ಲಿ ಕಳುವಾಗಿತ್ತು. ಪಾಲಿಸಿ ಚಾಲ್ತಿಯಲ್ಲಿತ್ತು. ಆದರೂ ನೋಂದಣಿ ಇಲ್ಲದ ಗಾಡಿಗೆ ಕ್ಲೇಮ್ ಇಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆ ರಾಜ್ಯದ ಹಳೆಯ ಕಾರಾದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ತರಲೇಬೇಕು. ಇಲ್ಲಿ ಕೆಎ-25, ಕೆಎ-63, ಗದಗದಲ್ಲಿ ಕೆಎ-26, ಹಾವೇರಿಯಲ್ಲಿ ಕೆಎ-27 ಹೀಗೆ ಹೊಸ ನಂಬರ್ ಬಂದ ಕೂಡಲೇ ಅದನ್ನು ಪಾಲಿಸಿಯಲ್ಲೂ ಬದಲಿಸಿ.

ದಾರಿಯಲ್ಲಿ ಏನಾದರೂ ಆಗಿಯೇ ಬಿಟ್ಟರೆ ಮೊದಲು ಗಾಯಾಳುಗಳನ್ನು ನೋಡಿ, 112ಕ್ಕೆ ಫೋನ್ ಮಾಡಿ. ಫೋಟೋ ತೆಗೆಯಿರಿ, ಇನ್ಶೂರೆನ್ಸ್ ಕಂಪನಿಗೆ ಆಗಲೇ ತಿಳಿಸಿ, ಹಾನಿ ಲೆಕ್ಕ ಹಾಕಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ಮುಂಚೆ ಗ್ಯಾರೇಜಿನಲ್ಲಿ ಕೈ ಹಚ್ಚಿಸಬೇಡಿ. "ಇಲ್ಲೇ ಮುಗಿಸೋಣ್ರಿ" ಅಂತ ಯಾರಾದರೂ ದುಡ್ಡಿನ ಮಾತು ಆಡಿದರೆ, ಯಾರಿಗಾದರೂ ಪೆಟ್ಟಾಗಿದ್ದಾಗ ಅದಕ್ಕೆ ಒಪ್ಪಲೇಬೇಡಿ. ಪೊಲೀಸ್ ಠಾಣೆಗೆ ಹೋಗಿ ಬರೆಸಿ. ಫಾರ್ಮ್ ತುಂಬಲು ಗೊತ್ತಾಗದಿದ್ದರೆ ನಮ್ಮ ಸಂಘದವರನ್ನು ಕೇಳಿ, ಜೊತೆಗೆ ಬರುತ್ತೇವೆ.