ಹುಲಿ, ಪುಲಿ, ಪಿಲಿ: ನಿಘಂಟನ್ನು ಸುಮ್ನೆ ಓದುವ ಬಗೆ

ಅರ್ಥ ಗೊತ್ತಿಲ್ಲದ ಪದ ಸಿಕ್ಕಾಗ ಮಾತ್ರ ನಿಘಂಟು ತೆರೆಯುವುದು ನಮಗೆಲ್ಲ ಶಾಲೆಯಿಂದಲೇ ಬಂದ ಅಭ್ಯಾಸ. ಒಂದು ದಿನ ಅದನ್ನು ಬಿಟ್ಟು ನೋಡಿ. ಏನನ್ನೂ ಹುಡುಕದೆ ತೆರೆಯಿರಿ. ಮಳೆಗಾಲದ ಮಧ್ಯಾಹ್ನ ಕರೆಂಟು ಹೋಗಿ, ಅಡಿಕೆ ತೋಟದಲ್ಲಿ ಮಳೆ ಸುರಿಯುವ ಸದ್ದು ಬಿಟ್ಟರೆ ಬೇರೇನೂ ಕೇಳದ ಹೊತ್ತು ಇದಕ್ಕೆ ಬಹಳ ಒಳ್ಳೆಯದು.

ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಿಂದ ಶುರು ಮಾಡಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದದ್ದು, ಸುಮಾರು 70,000 ಪದಗಳಿವೆ. ಮಡಿಲಲ್ಲಿಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದೆ, ಜಗಲಿಯಲ್ಲಿ ಚಾಪೆ ಹಾಸಿ ನೆಲದ ಮೇಲಿಡಿ. ಮೊಬೈಲಿನಲ್ಲೂ ಓದಬಹುದು, ಆದರೆ ಅಲ್ಲಿ ಹುಡುಕಿದರೆ ಕೇಳಿದ ಪದವಷ್ಟೇ ಬರುತ್ತದೆ. ನಮಗೆ ಬೇಕಾದದ್ದು ಅದರ ಅಕ್ಕಪಕ್ಕದವು ಅಲ್ವಾ?

ಕಾಸರಗೋಡಿನವರಿಗೆ ಇನ್ನೊಂದು ಭಾಗ್ಯವಿದೆ. ಗುಂಡರ್ಟ್ ಅವರ ಮಲಯಾಳಂ ನಿಘಂಟು 1872ರದ್ದು, ಮ್ಯಾನರ್ ಅವರ ತುಳು ನಿಘಂಟು 1886ರದ್ದು. ಅವೂ ಮಂಗಳೂರಿನ ಅದೇ ಮಿಷನ್ನಿನವು. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಬಸ್ಸಿನಲ್ಲಿ ಇನ್ನೊಂದು ಭಾಷೆ ಆಡುವ ನಮಗೆ ಮೂರನ್ನೂ ಪಕ್ಕಪಕ್ಕ ತೆರೆದಿಟ್ಟು ಓದುವ ಸುಖ ಬೇರೆಯೇ.

ಒಂದು ಸುಳಿವು ನೆನಪಿಡಿ. ಹಳಗನ್ನಡದ ಪಕಾರ ಎಷ್ಟೋ ಪದಗಳಲ್ಲಿ ಈಗ ಹಕಾರವಾಗಿದೆ, ಮಲಯಾಳಂ ಮತ್ತು ತುಳು ಅದನ್ನು ಹಾಗೇ ಉಳಿಸಿಕೊಂಡಿವೆ. ಹಾಗಾಗಿ ಹಕಾರದಲ್ಲಿ ಒಂದು ಪದ ಕಣ್ಣಿಗೆ ಬಿದ್ದರೆ ಪಕಾರದಲ್ಲೂ ನೋಡಿ. ನಮ್ಮ ಹುಲಿ ತುಳುವಿನಲ್ಲಿ ಪಿಲಿ. ಮಲಯಾಳಂನಲ್ಲಿ ಪುಲಿ, ಆದರೆ ಅಲ್ಲಿ ಈಗ ಪುಲಿ ಅಂದ್ರೆ ಚಿರತೆ, ಹುಲಿಗೆ ಕಡುವ ಎನ್ನುತ್ತಾರೆ. ಹತ್ತಿರದ ಊರಿಗೆ ‘ಪುಲಿ’ ಬಂದಿದೆ ಎಂಬ ಸುದ್ದಿಯನ್ನು ಮಲಯಾಳಂ ಪೇಪರಿನಲ್ಲಿ ಓದಿದ ಅಮ್ಮ, ಹುಲಿಯೇ ಬಂತೆಂದು ಸಂಜೆಗೆ ಮೊದಲೇ ದನಗಳನ್ನು ಹಟ್ಟಿಗೆ ಸೇರಿಸಿ, ಬಾಗಿಲು ಭದ್ರವಾಗಿದೆಯಾ ಅಂತ ಎರಡೆರಡು ಸಲ ಹೋಗಿ ನೋಡಿದ್ದರು. ಚಿರತೆಗೂ ಹಟ್ಟಿಯ ಬಾಗಿಲು ಹಾಕಲೇಬೇಕು, ಅದು ಬೇರೆ ಮಾತು. ಹಳ್ಳಿಯದೂ ಹೀಗೇ: ಹಳಗನ್ನಡದಲ್ಲಿ ಪಳ್ಳಿ, ಮಲಯಾಳಂನಲ್ಲಿ ಪಳ್ಳಿ ಅಂದ್ರೆ ಮಸೀದಿಯೂ ಹೌದು, ಹಾಗಾಗಿ ಇವತ್ತು ನಮ್ಮ ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ ಪಳ್ಳಿ ಎಲ್ಲಿ ಎಂದು ಕೇಳಿದರೆ ಮಸೀದಿ ತೋರಿಸುತ್ತಾರೆ.

ಊರ ಹೆಸರುಗಳನ್ನೂ ಬಿಡಬೇಡಿ. ಬದಿಯಡ್ಕದ ಅಡ್ಕ, ಮೀಯಪದವಿನ ಪದವು, ಇವನ್ನು ತುಳು ನಿಘಂಟಿನಲ್ಲಿ ಹುಡುಕಿ, ಆಮೇಲೆ ಆ ಜಾಗದ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ನೆನಪಿಸಿಕೊಳ್ಳಿ.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಪದದ ಜೊತೆ ಪುಟ ಸಂಖ್ಯೆಯನ್ನೂ ಬರೆಯಿರಿ, ಇಲ್ಲದಿದ್ದರೆ ನಾಳೆ ಅದೇ ಪದ ಎಷ್ಟು ಹುಡುಕಿದರೂ ಸಿಗುವುದಿಲ್ಲ. ತಿರುಗಿ ಸಿಕ್ಕಿದಾಗ ಮನೆಯವರಿಗೆ ಓದಿ ಹೇಳಿ. ಅಮ್ಮ ಬಾಗಿಲು ಹಾಕಿದ ಆ ಹಟ್ಟಿಯೂ ಹಿಂದೆ ಪಟ್ಟಿಯೇ. ಮಲಯಾಳಂನಲ್ಲಿ ಪಟ್ಟಿಗೆ ದನದ ದೊಡ್ಡಿ ಎಂಬ ಅರ್ಥವೂ ಇದೆ, ನಾಯಿ ಎಂಬ ಅರ್ಥವೂ ಇದೆ. ಇದನ್ನು ಹೇಳಿದ ಮೇಲೆ ಅಮ್ಮನೇ ಕನ್ನಡಕ ಹುಡುಕಿ ತಂದು, ಮುಂದಿನ ಪದ ಏನಿದೆ ಅಂತ ಪುಟದ ಮೇಲೆ ಬಗ್ಗಿದರು.