ಎನ್‌ಕ್ಲೆಕ್ಸ್ ಫೇಲಾದ ಮೇಲೆ: ಮರುತಯಾರಿಗೆ ನಾನು ಹಿಡಿದ ದಾರಿ

ಅಮೆರಿಕದಲ್ಲಿ ನರ್ಸ್ ಲೈಸೆನ್ಸ್ ಪಡೆಯಲು ಬರೆಯುವ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆಯಲ್ಲಿ ಫೇಲಾದವರಿಗೆ ಮಾತ್ರ ಸಿಗುವ ಒಂದು ಕಾಗದ ಇದೆ. ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್ ಅಂತ ಅದರ ಹೆಸರು, ಬಾಯಲ್ಲಿ ಸಿಪಿಆರ್. ಹೆಚ್ಚಿನವರು ಅದನ್ನು ಒಂದು ಸಲ ನೋಡಿ ಮುಚ್ಚಿಟ್ಟು, ಅದೇ ಪುಸ್ತಕವನ್ನು ಮತ್ತೆ ಮೊದಲ ಪುಟದಿಂದ ಓದಲು ಕೂರುತ್ತಾರೆ. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಅಲ್ಲಿಯೋ ಕಾಸರಗೋಡಿನಲ್ಲಿಯೋ ಡ್ಯೂಟಿ ಮಾಡುತ್ತ ಈ ಪರೀಕ್ಷೆ ಕಟ್ಟುವ ನಮ್ಮ ಕಡೆಯವರಿಗೆ ಓದು ಕಮ್ಮಿಯಾಗುವುದು ಅಪರೂಪ. ವಾರ್ಡಿನಲ್ಲಿ ಕೈಗೆ ಹತ್ತಿದ ರೂಢಿ ಒಂದು, ಪರೀಕ್ಷೆ ಕೇಳುವ ತೀರ್ಮಾನ ಇನ್ನೊಂದು. ಮರುತಯಾರಿಯನ್ನೆಲ್ಲ ನಾನು ಈ ಅಂತರದ ಮೇಲೆಯೇ ಕಟ್ಟಿಕೊಂಡೆ.

ಅದಕ್ಕೂ ಮೊದಲು ಫಲಿತಾಂಶ ಬಂದ ವಾರದ ಮಾತು. ಈ ಪರೀಕ್ಷೆ ಫೇಲಾದರೆ ಇಲ್ಲಿನ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್‌ಗೆ ಏನೂ ಆಗುವುದಿಲ್ಲ, ಕೆಲಸಕ್ಕೂ ತೊಂದರೆ ಇಲ್ಲ. ಗೊತ್ತಿದ್ದ ವಿಷಯವೇ ಆದರೂ ಆ ವಾರ ತಲೆಗೆ ಇಳಿಯುವುದಿಲ್ಲ, ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮನೆಯವರಿಗೂ, ರಜೆ ಹೊಂದಿಸಿಕೊಡಬೇಕಾದ ವಾರ್ಡ್ ಇನ್‌ಚಾರ್ಜ್ ಸಿಸ್ಟರಿಗೂ ನೇರವಾಗಿ ಹೇಳಬೇಕು. ಉಳಿದವರಿಗೆ, ಅಂದರೆ ದುಬೈಯಿಂದ ಫೋನ್ ಮಾಡಿ "ರಿಸಲ್ಟ್ ಎಂತಾಯ್ತು" ಅನ್ನುವ ನೆಂಟರಿಗೆ, "ಆಗಲಿಲ್ಲ ಚಿಕ್ಕಮ್ಮ, ಪುನಃ ಬರೀತೇನೆ" ಎಂಬಷ್ಟೇ ಸಾಕು. ವಿವರ ಕೊಟ್ಟಷ್ಟೂ ಸಲಹೆ ಹೆಚ್ಚು. ಏಜೆನ್ಸಿಯ ಮೂಲಕ ಹೋಗುವವರು ಅವರಿಗೆ ಇಮೇಲ್‌ನಲ್ಲಿ ತಿಳಿಸಬೇಕು, ಆದರೆ ಆ ವಾರ ಹೊಸ ಕೋರ್ಸಿಗೆ ದುಡ್ಡು ಕಟ್ಟುವುದಾಗಲಿ ಹೊಸ ಒಪ್ಪಂದಕ್ಕೆ ಸಹಿ ಹಾಕುವುದಾಗಲಿ ಬೇಡ. ಕುತ್ತಿಗೆಯ ಚಿನ್ನ ಅಡವಿಟ್ಟು ಫೀಸು ಕಟ್ಟಿದವರು ನಮ್ಮಲ್ಲಿ ಕಮ್ಮಿಯೇನಿಲ್ಲ. ಮರುಪರೀಕ್ಷೆಗೆ ಮತ್ತೆ 200 ಡಾಲರ್ ರಿಜಿಸ್ಟ್ರೇಷನ್, ಅಮೆರಿಕದ ಹೊರಗಿನ ಕೇಂದ್ರದಲ್ಲಿ ಬರೆಯುವುದಕ್ಕೆ ಇನ್ನೂ 150 ಡಾಲರ್, ಅದರ ಮೇಲೆ ತೆರಿಗೆ. ಈ ಲೆಕ್ಕ ಕೂಡಿಸಿಟ್ಟುಕೊಂಡ ಮೇಲೆ ಉಳಿದ ಖರ್ಚಿನ ಮಾತು.

ನಿದ್ದೆ ಬಾರದೆ, ಊಟ ಸೇರದೆ ಎರಡು ವಾರ ದಾಟಿದರೆ ಅದನ್ನು "ಪರೀಕ್ಷೆಯ ಬೇಜಾರು" ಅಂತ ತಳ್ಳಿಹಾಕಬಾರದು. ಪೇಷೆಂಟಿಗೆ ನಾವೇ ಹಾಗೆ ಹೇಳುವುದಿಲ್ಲವಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಕೇರಳದ ದಿಶಾ ನಂಬರ್ 1056. ಬದುಕುವುದೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಆ ಗಳಿಗೆಯಲ್ಲೇ ಫೋನ್ ಮಾಡಬೇಕು, ಮನೆಯವರನ್ನು ಹತ್ತಿರ ಕರೆಯಬೇಕು.

ಪರೀಕ್ಷೆ ಹೇಗೆ ತೀರ್ಮಾನ ಕೊಡುತ್ತದೆ ಎಂಬುದು ಸರಿಯಾಗಿ ಅರ್ಥವಾದರೆ ಅರ್ಧ ಸಂಕಟ ಇಳಿಯುತ್ತದೆ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಸಮಯ 5 ಗಂಟೆ. ಕನಿಷ್ಠ ಸಂಖ್ಯೆಯಲ್ಲಿ 15 ಪ್ರಶ್ನೆ ಲೆಕ್ಕಕ್ಕಿಲ್ಲ, ಅವು ಮುಂದಿನ ಪರೀಕ್ಷೆಗಳಿಗಾಗಿ ಪರಖು ಮಾಡುವ ಪ್ರಶ್ನೆಗಳು. ಯಾವುವು ಅಂತ ಬರೆಯುವವರಿಗೆ ಗೊತ್ತಾಗುವುದಿಲ್ಲ. ಉಳಿದವುಗಳಲ್ಲಿ ಸರಿ ಉತ್ತರ ಕೊಟ್ಟಷ್ಟೂ ಮುಂದಿನದು ಕಷ್ಟದ್ದು, ತಪ್ಪಿದರೆ ಸುಲಭದ್ದು. ನಿಮಗೆ ಸರಿ-ತಪ್ಪು ಎರಡೂ ಸಮಸಮ ಸಾಧ್ಯವಿರುವ ಮಟ್ಟದ ಪ್ರಶ್ನೆಯನ್ನೇ ಕಂಪ್ಯೂಟರ್ ಹುಡುಕಿ ಕೊಡುತ್ತದೆ. ಹಾಗಾಗಿ ಪಾಸಾಗುವವರಿಗೂ "ಅರ್ಧಕ್ಕರ್ಧ ತಪ್ಪಿದೆ" ಅಂತಲೇ ಅನ್ನಿಸುತ್ತದೆ. ನಿಮ್ಮ ಮಟ್ಟ ಪಾಸ್ ಗೆರೆಯ ಮೇಲಿದೆ ಅಥವಾ ಕೆಳಗಿದೆ ಎಂದು 95 ಶೇಕಡಾ ಖಾತ್ರಿಯಾದಾಗ ಪರೀಕ್ಷೆ ನಿಲ್ಲುತ್ತದೆ. 85ಕ್ಕೆ ನಿಂತಿತು ಅಂದಮಾತ್ರಕ್ಕೆ ಪಾಸೂ ಅಲ್ಲ, ಫೇಲೂ ಅಲ್ಲ. 150ರವರೆಗೆ ಹೋದವರು ಗೆರೆಯ ಹತ್ತಿರವೇ ಓಡಾಡಿದವರು. ಅವರಿಗೆ ಇಡೀ ಸಿಲೆಬಸ್ ಮತ್ತೆ ಬೇಕಾಗಿಲ್ಲ, ಎರಡು ಮೂರು ವಿಭಾಗ ಎತ್ತಿದರೆ ಸಾಕು.

ಫಲಿತಾಂಶ ಬರುವ ಮೊದಲೇ ತಿಳಿಯಲು ಮತ್ತೆ ರಿಜಿಸ್ಟರ್ ಮಾಡಿ ನೋಡುವ "ಪಿಯರ್ಸನ್ ಟ್ರಿಕ್" ಎಂಬುದೊಂದು ಇದೆ. ಖಾತ್ರಿ ಇಲ್ಲದ ಉಪಾಯ, ಕಾರ್ಡಿನಿಂದ 200 ಡಾಲರ್ ಕಳಚಿಹೋದರೂ ಹೋಗಬಹುದು.

ಇನ್ನು ಸಿಪಿಆರ್ ಓದುವ ಕ್ರಮ. ಅದರಲ್ಲಿ ಅಂಕ ಇರುವುದಿಲ್ಲ. ಎಂಟು ವಿಭಾಗಗಳ ಎದುರು ಪಾಸ್ ಗೆರೆಗಿಂತ ಮೇಲೆ, ಗೆರೆಯ ಹತ್ತಿರ, ಗೆರೆಗಿಂತ ಕೆಳಗೆ ಎಂಬ ಮೂರರಲ್ಲಿ ಒಂದು ಬರೆದಿರುತ್ತದೆ. ಕೆಳಗಿರುವುದನ್ನೆಲ್ಲ ಒಂದೇ ತೂಕದಲ್ಲಿ ಹಿಡಿಯಬಾರದು, ಪರೀಕ್ಷೆಯಲ್ಲಿ ಆ ವಿಭಾಗದ ಪಾಲು ಎಷ್ಟು ಎಂಬುದರೊಡನೆ ಸೇರಿಸಿ ನೋಡಬೇಕು. 2023ರ ಟೆಸ್ಟ್ ಪ್ಲಾನ್ ಪ್ರಕಾರ ಮ್ಯಾನೇಜ್‌ಮೆಂಟ್ ಆಫ್ ಕೇರ್ 15ರಿಂದ 21 ಶೇಕಡಾ, ಔಷಧಿಗಳ ವಿಭಾಗ 13ರಿಂದ 19 ಶೇಕಡಾ. ಹೆಲ್ತ್ ಪ್ರಮೋಷನ್, ಸೈಕೋಸೋಷಿಯಲ್, ಬೇಸಿಕ್ ಕೇರ್ ತಲಾ 6ರಿಂದ 12. ಈ ಪ್ಲಾನ್ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ, 2023ರ ನಂತರದ್ದು 2026ರ ಏಪ್ರಿಲ್ 1ರಿಂದ. ನಿಮ್ಮ ತಾರೀಖಿಗೆ ಯಾವುದು ಅನ್ವಯ ಅಂತ ಈ ಪರೀಕ್ಷೆ ನಡೆಸುವ ಸಂಸ್ಥೆಯಾದ ಎನ್‌ಸಿಎಸ್‌ಬಿಎನ್ ಜಾಲತಾಣದಿಂದ ಇಳಿಸಿಕೊಳ್ಳಬೇಕು, ಉಚಿತವಾಗಿಯೇ ಸಿಗುತ್ತದೆ. ದೊಡ್ಡ ಪಾಲಿನ ವಿಭಾಗ ಗೆರೆಯ ಕೆಳಗಿದ್ದರೆ ಮೊದಲು ಅದು. ಗೆರೆಯ ಹತ್ತಿರ ಇರುವುದು ಎರಡನೆಯದು. ಮೇಲಿರುವುದನ್ನು ವಾರಕ್ಕೊಂದು ದಿನ ಮುಟ್ಟಿದರೆ ಸಾಕು.

ನಮ್ಮವರಿಗೆ ಎಡವಟ್ಟಾಗುವುದು ಹೆಚ್ಚಾಗಿ ಮ್ಯಾನೇಜ್‌ಮೆಂಟ್ ಆಫ್ ಕೇರ್‌ನಲ್ಲಿ. ಕಾರಣ ಸರಳ, ಪರೀಕ್ಷೆಯಲ್ಲಿ ಬರುವ ಅಮೆರಿಕದ ವಾರ್ಡನ್ನು ನಾವು ಕಂಡಿಲ್ಲ. ನಮ್ಮಲ್ಲಿ ಪೇಷೆಂಟಿಗೆ ಊಟ ಮಾಡಿಸುವುದು, ಮೈ ಒರೆಸುವುದು, ಬಾತ್‌ರೂಮಿಗೆ ಕರೆದೊಯ್ಯುವುದು ಬೈಸ್ಟ್ಯಾಂಡರ್, ಅಂದರೆ ಜತೆಗಿರುವ ಮನೆಯವರ ಕೆಲಸ. ಪರೀಕ್ಷೆಯ ವಾರ್ಡಿನಲ್ಲಿ ಬೈಸ್ಟ್ಯಾಂಡರ್ ಇಲ್ಲವೇ ಇಲ್ಲ. ಆರ್‌ಎನ್ (ಪೂರ್ಣ ಹೊಣೆಯ ನೋಂದಾಯಿತ ನರ್ಸ್), ಎಲ್‌ಪಿಎನ್ (ಆರ್‌ಎನ್ ಕೈಕೆಳಗಿನ ನರ್ಸ್), ಯುಎಪಿ (ಲೈಸೆನ್ಸ್ ಇಲ್ಲದ ಸಹಾಯಕರು) ಎಂಬ ಮೂರು ಮೆಟ್ಟಿಲು. ಇಲ್ಲಿ ಜಿಎನ್‌ಎಮ್ ಆದವರೂ ಬಿಎಸ್ಸಿ ಆದವರೂ ಸ್ಟಾಫ್ ನರ್ಸೇ ಆಗಿರುವುದರಿಂದ ಎಲ್‌ಪಿಎನ್ ಎಂಬುದು ಮನಸ್ಸಿಗೆ ಕೂರುವುದಿಲ್ಲ. ನಾನು ಇಟ್ಟುಕೊಂಡ ನಿಯಮ ಹೀಗೆ: ಸ್ಥಿರವಾಗಿರುವ ಪೇಷೆಂಟಿನ ವೈಟಲ್ಸ್, ಇನ್‌ಟೇಕ್-ಔಟ್‌ಪುಟ್, ಸ್ನಾನ, ನಡೆಸುವುದು, ಉಸಿರುನಾಳಕ್ಕೆ ಅನ್ನ ಹೋಗುವ ಭಯವಿಲ್ಲದವರಿಗೆ ಉಣಿಸುವುದು ಯುಎಪಿಗೆ. ಸ್ಥಿರ ಪೇಷೆಂಟಿನ ಬಾಯಿ ಔಷಧಿ, ಡ್ರೆಸ್ಸಿಂಗ್, ಆರ್‌ಎನ್ ಒಮ್ಮೆ ಹೇಳಿಕೊಟ್ಟದ್ದನ್ನು ಮತ್ತೆ ನೆನಪಿಸುವುದು ಎಲ್‌ಪಿಎನ್‌ಗೆ. ಮೊದಲ ಅಸೆಸ್‌ಮೆಂಟ್, ಡಿಸ್‌ಚಾರ್ಜ್ ಟೀಚಿಂಗ್, ಐವಿ ಪುಶ್, ರಕ್ತ ಏರಿಸಲು ಶುರುಮಾಡುವುದು, ಪರಿಣಾಮ ಆಯಿತೋ ಇಲ್ಲವೋ ಎಂಬ ತೀರ್ಮಾನ, ಇವು ಆರ್‌ಎನ್ ಕೈ ಬಿಡುವ ಹಾಗಿಲ್ಲ.

ಇನ್ನೊಂದು ರೂಢಿ, ಏನಾದರೂ ಆದ ಕೂಡಲೇ "ಡಾಕ್ಟರಿಗೆ ತಿಳಿಸುತ್ತೇನೆ" ಅನ್ನುವುದು. ಪರೀಕ್ಷೆಯಲ್ಲಿ ಆ ಆಯ್ಕೆ ಬಹಳ ಸಲ ಬಲೆ. ನರ್ಸ್ ಸ್ವತಃ ಆಗಲೇ ಮಾಡಬಹುದಾದದ್ದು ಪಟ್ಟಿಯಲ್ಲಿದ್ದರೆ ಅದೇ ಮೊದಲು. ರಕ್ತ ಏರುತ್ತಿರುವವರಿಗೆ ಚಳಿ, ಸೊಂಟನೋವು ಶುರುವಾದರೆ ಮೊದಲು ರಕ್ತ ನಿಲ್ಲಿಸಬೇಕು, ಹೊಸ ಟ್ಯೂಬಿಂಗ್‌ನಲ್ಲಿ ನಾರ್ಮಲ್ ಸಲೈನ್ ಹಾಕಬೇಕು, ಆಮೇಲೆ ಫೋನ್. ಯಾರನ್ನು ಮೊದಲು ನೋಡಬೇಕು ಎಂಬ ಪ್ರಶ್ನೆಗೂ ಒಂದು ಜರಡಿ ಬೇಕು: ಆ ಕಾಯಿಲೆಯಲ್ಲಿ ಇದು ನಿರೀಕ್ಷಿತವೋ, ಹೊಸತೋ? ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯ ಪೇಷೆಂಟಿಗೆ ಆಮ್ಲಜನಕ ಮಟ್ಟ 90 ಇದ್ದರೆ ಗಾಬರಿಯಿಲ್ಲ. ಥೈರಾಯ್ಡ್ ತೆಗೆಸಿಕೊಂಡವರು ತುಟಿಯ ಸುತ್ತ ಜುಮುಗುಟ್ಟುತ್ತದೆ ಅಂದರೆ ಕ್ಯಾಲ್ಸಿಯಂ ಇಳಿಯುತ್ತಿದೆ, ಮುಂದೆ ಗಂಟಲು ಬಿಗಿಯಬಹುದು, ಅಲ್ಲಿಗೆ ಓಡಬೇಕು.

ಕಾಸರಗೋಡಿನಂಥ ಊರಲ್ಲಿ ಇನ್ನೂ ಒಂದು ತಮಾಷೆ ಇದೆ. ತುಳು, ಮಲಯಾಳ, ಬ್ಯಾರಿ, ಕೊಂಕಣಿ ಮಾತಾಡುವ ಪೇಷೆಂಟುಗಳ ನಡುವೆ ನಮಗೆ ದುಭಾಷಿಯ ನೆನಪೇ ಬರುವುದಿಲ್ಲ, ತಿಳಿಯದಿದ್ದರೆ ಪಕ್ಕದಲ್ಲಿದ್ದ ಮಗನನ್ನು ಕೇಳುತ್ತೇವೆ. ಪರೀಕ್ಷೆಯಲ್ಲಿ ಅದು ತಪ್ಪು. ಮನೆಯವರನ್ನು ಬಿಟ್ಟು ತರಬೇತಾದ ಮೆಡಿಕಲ್ ಇಂಟರ್‌ಪ್ರಿಟರ್ ಬೇಕು. "ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಸಿಸ್ಟರ್" ಎಂಬ ಮಾತಿಗೆ ಇಲ್ಲಿ ತಲೆಯಾಡಿಸುತ್ತೇವೆ, ಅಲ್ಲಿ ಪ್ರಜ್ಞೆಯಿರುವ ವಯಸ್ಕರ ಹಕ್ಕೇ ಮೇಲು. ಅಳುತ್ತಿರುವವರಿಗೆ "ಎಂತ ಆಗುದಿಲ್ಲ, ಹೆದರ್ಬೇಡಿ" ಅನ್ನುವುದು ನಮ್ಮ ಪ್ರೀತಿ. ಅಲ್ಲಿ ಅದು ಸುಳ್ಳು ಭರವಸೆ, ಕಣ್ಣುಮುಚ್ಚಿ ಹೊಡೆದುಹಾಕಬೇಕಾದ ಆಯ್ಕೆ. ಕೈ ಕಟ್ಟುವುದು ಕೊನೆಯ ದಾರಿ, ಕಟ್ಟಿದರೂ ಗಂಟು ಎಳೆದರೆ ಬಿಚ್ಚುವಂತಿರಬೇಕು, ಮಂಚದ ಚೌಕಟ್ಟಿಗೆ ಕಟ್ಟಬೇಕೇ ಹೊರತು ಸೈಡ್ ರೇಲಿಗೆ ಅಲ್ಲ.

ಔಷಧಿಯ ಹೆಸರುಗಳದ್ದು ಒಂದು ಸಂಜೆಯ ಕೆಲಸ, ಆದರೆ ಮಾಡದಿದ್ದರೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಆಲ್ಬ್ಯುಟೆರಾಲ್, ಅಡ್ರಿನಲಿನ್ ಎಪಿನೆಫ್ರಿನ್, ಪೆಥಿಡಿನ್ ಮೆಪೆರಿಡಿನ್, ಗ್ಲಿಬೆನ್‌ಕ್ಲಮೈಡ್ ಗ್ಲೈಬ್ಯುರೈಡ್. ಬ್ರ್ಯಾಂಡ್ ಹೆಸರಿನ ಮೇಲೆ ನೆಚ್ಚಿಕೊಳ್ಳುವಂತಿಲ್ಲ, ಬರುವುದು ಜೆನೆರಿಕ್. ಡೋಸ್ ಲೆಕ್ಕದಲ್ಲಿ ತೂಕ ಪೌಂಡಿನಲ್ಲಿ ಕೊಟ್ಟರೆ 2.2ರಿಂದ ಭಾಗಿಸಬೇಕು, ಎಷ್ಟು ದಶಮಾಂಶಕ್ಕೆ ಅಂತ ಪ್ರಶ್ನೆಯಲ್ಲೇ ಇರುತ್ತದೆ, ಕೊನೆಯ ಹಂತದಲ್ಲಿ ಮಾತ್ರ ರೌಂಡ್ ಮಾಡಬೇಕು. ಬಾಯಿಪಾಠ ಬೇಕಾದವು ಕೆಲವೇ: ಪೊಟ್ಯಾಸಿಯಂ 3.5ರಿಂದ 5, ಲಿಥಿಯಂ 0.6ರಿಂದ 1.2, ವಾರ್ಫರಿನ್ ತೆಗೆದುಕೊಳ್ಳುವ ಹೆಚ್ಚಿನವರಿಗೆ ರಕ್ತ ಹೆಪ್ಪುಗಟ್ಟುವ ಅಳತೆಯಾದ ಐಎನ್‌ಆರ್ 2ರಿಂದ 3, ಮೆಗ್ನೀಸಿಯಂ ಸಲ್ಫೇಟ್ ವಿಷವಾದರೆ ಕ್ಯಾಲ್ಸಿಯಂ ಗ್ಲುಕೋನೇಟ್. ಕ್ಷಯ, ದಡಾರ, ಸೀತಾಳೆಸಿಡುಬು ಗಾಳಿಯಿಂದ ಹರಡುವ ಗುಂಪು, ಎನ್95 ಬೇಕು. ಸಿ ಡಿಫ್ ಎಂಬ ಭೇದಿಯ ಸೋಂಕು ಇದ್ದರೆ ಹ್ಯಾಂಡ್ ರಬ್ ಸಾಲದು, ಸೋಪು-ನೀರೇ ಆಗಬೇಕು.

2023ರ ಏಪ್ರಿಲ್‌ನಿಂದ ಬಂದ ಹೊಸ ರೂಪದಲ್ಲಿ ಅಂಕ ಕೊಡುವ ರೀತಿ ತಿಳಿಯದೆ ಹೋದರೆ ಕೈಗೆ ಬಂದದ್ದನ್ನು ಕಳೆದುಕೊಳ್ಳುತ್ತೀರಿ. "ಅನ್ವಯಿಸುವುದನ್ನೆಲ್ಲ ಗುರುತಿಸಿ" ಎಂಬ ಪ್ರಶ್ನೆಯಲ್ಲಿ ಸರಿಗೆ ಒಂದು ಕೂಡುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಐದರಲ್ಲಿ ಮೂರು ಸರಿ ಅಂತಿಟ್ಟುಕೊಳ್ಳಿ. ಖಾತ್ರಿಯಿದ್ದ ಎರಡನ್ನು ಮಾತ್ರ ಒತ್ತಿದರೆ 2. ಐದನ್ನೂ ಒತ್ತಿದರೆ 3ರಲ್ಲಿ 2 ಹೋಗಿ 1. ಸಂಶಯವಿದ್ದರೆ ಬಿಡುವುದೇ ಲಾಭ. ಆದರೆ ಪ್ರತಿ ಸಾಲಿಗೆ ಒಂದೇ ಆಯ್ಕೆಯ ಮ್ಯಾಟ್ರಿಕ್ಸ್‌ನಲ್ಲಿ ತಪ್ಪಿಗೆ ಕಳೆಯುವುದಿಲ್ಲ, ಅಲ್ಲಿ ಯಾವ ಸಾಲನ್ನೂ ಖಾಲಿ ಬಿಡಬೇಡಿ. ಕೇಸ್ ಸ್ಟಡಿ ಮೂರು ಇರುತ್ತವೆ, ಒಂದೊಂದಕ್ಕೆ ಆರು ಪ್ರಶ್ನೆ: ಸೂಚನೆ ಗುರುತಿಸು, ಅರ್ಥ ಮಾಡು, ಯಾವುದು ಮುಖ್ಯ, ಏನು ಮಾಡಬಹುದು, ಏನು ಮಾಡುತ್ತೀ, ಫಲ ಕಂಡಿತೇ. ಕೆಡುವುದು ಮೊದಲನೆಯದರಲ್ಲೇ. ಕೊನೆಯ ನೋಟ್ಸ್ ಮಾತ್ರ ಓದಿ ಬೆಳಿಗ್ಗೆ 8ರ ರಕ್ತದೊತ್ತಡವನ್ನು 10ರದ್ದಕ್ಕೆ ಹೋಲಿಸದೆ ಬಿಡುತ್ತೇವೆ. ಚಾರ್ಟಿನ ಎಲ್ಲ ಟ್ಯಾಬ್ ತೆರೆದು, ಬದಲಾದ ಸಂಖ್ಯೆಗಳನ್ನಷ್ಟೇ ನೋಟ್‌ಬೋರ್ಡಿನಲ್ಲಿ ಬರೆದುಕೊಳ್ಳುವುದನ್ನು ಅಭ್ಯಾಸದಲ್ಲೇ ರೂಢಿ ಮಾಡಿಕೊಳ್ಳಬೇಕು. ಹಿಂದಿನ ಪ್ರಶ್ನೆಗೆ ಮರಳಲು ಆಗುವುದಿಲ್ಲ.

ಡ್ಯೂಟಿ ಇರುವ ದಿನ 40 ಪ್ರಶ್ನೆ, ರಜೆಯ ದಿನ 85, ಒಂದೇ ಕೂರಿಕೆಯಲ್ಲಿ, ಫೋನ್ ಇನ್ನೊಂದು ಕೋಣೆಯಲ್ಲಿ. ವಿವರಣೆ ಓದಲು ಬರೆದುದರ ಎರಡರಷ್ಟು ಹೊತ್ತು ಬೇಕು, ಸರಿಯಾದವುಗಳದ್ದನ್ನೂ ಓದಬೇಕು. ತಪ್ಪಿನ ಪುಸ್ತಕದಲ್ಲಿ ಪ್ರಶ್ನೆ ಬರೆಯುವುದು ವ್ಯರ್ಥ ಶ್ರಮ, ಕಾರಣದ ನಾಲ್ಕು ಕಾಲಂ ಸಾಕು: ವಿಷಯ ಗೊತ್ತಿರಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ಎರಡು ಉಳಿದಾಗ ತಪ್ಪಿದ್ದನ್ನು ಆರಿಸಿದೆ, ಸರಿಯಿದ್ದ ಉತ್ತರ ಬದಲಿಸಿದೆ. ವಾರದ ಕೊನೆಗೆ ಎಣಿಸಿದರೆ ಯಾವ ಕಾಲಂ ತುಂಬಿದೆ ಎಂದು ಕಾಣುತ್ತದೆ. ಮೊದಲನೆಯದು ತುಂಬಿದ್ದರೆ ಮಾತ್ರ ಪುಸ್ತಕಕ್ಕೆ ಹೋಗಿ. ಮೂರನೆಯದು ತುಂಬಿದ್ದರೆ ಎಷ್ಟು ಓದಿದರೂ ಪ್ರಯೋಜನವಿಲ್ಲ, ಆದ್ಯತೆಯ ಪ್ರಶ್ನೆಗಳನ್ನೇ ಬಿಡಿಸಬೇಕು. ನೈಟ್ ಡ್ಯೂಟಿ ಮುಗಿಸಿ ಬಂದು ಬಿಡಿಸಿದ ಪ್ರಶ್ನೆಗಳ ಶೇಕಡಾವಾರು ನೋಡಿ ಧೈರ್ಯ ಕೆಡಿಸಿಕೊಳ್ಳಬೇಡಿ. ಆ ದಿನ ವಿವರಣೆ ಮಾತ್ರ ಓದಿ ಮಲಗುವುದು ಮೇಲು. ಆನ್‌ಲೈನ್ ಕೋಚಿಂಗ್ ನಮ್ಮ ಕಡೆ ಬಹುಪಾಲು ಮಲಯಾಳದಲ್ಲಿ. ಕನ್ನಡ ಮೀಡಿಯಂನವರಿಗೆ ಕೇಳಿದರೆ ತಿಳಿಯುತ್ತದೆ, ಆದರೆ ವೇಗಕ್ಕೆ ನೋಟ್ಸ್ ಮಾಡಲಾಗುವುದಿಲ್ಲ. ರೆಕಾರ್ಡಿಂಗ್ ಸಿಗುತ್ತದೋ ಅಂತ ಕೇಳಿಯೇ ಸೇರಿ.

ತಾರೀಖುಗಳನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಮತ್ತೆ ಬರೆಯಲು ಕಡಿಮೆಯೆಂದರೆ 45 ದಿನ ಬಿಡಬೇಕು, ಕೆಲವು ರಾಜ್ಯಗಳ ಬೋರ್ಡು ಇನ್ನೂ ಹೆಚ್ಚು ಕೇಳಬಹುದು. ಫ್ಲೋರಿಡಾದಲ್ಲಿ ಮೂರು ಸಲ ಫೇಲಾದರೆ ರೆಮಿಡಿಯಲ್ ಕೋರ್ಸ್ ಮಾಡಬೇಕು, ನ್ಯೂಯಾರ್ಕಿನಲ್ಲಿ ಸಲಗಳಿಗೆ ಮಿತಿ ಇಲ್ಲ. ಪ್ರತಿ ಸಲಕ್ಕೂ ಹೊಸ ಎಟಿಟಿ, ಅಂದರೆ ಪರೀಕ್ಷೆ ಬರೆಯುವ ಅನುಮತಿಪತ್ರ, ಬೇಕು, ಸಾಮಾನ್ಯವಾಗಿ ಅದರ ಆಯಸ್ಸು 90 ದಿನ, ವಿಸ್ತರಿಸುವುದಿಲ್ಲ. ಅಭ್ಯಾಸ ಪರೀಕ್ಷೆಯ ಅಂಕ ಮೂರು ವಾರ ಬೀಳದೆ ನಿಂತ ಮೇಲೆ ರಿಜಿಸ್ಟರ್ ಮಾಡುವುದು ನನ್ನ ಕ್ರಮ. ಅಷ್ಟರೊಳಗೆ ಒಇಟಿ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕದ ಎರಡು ವರ್ಷದ ಅವಧಿ ಮುಗಿಯುತ್ತದೋ ನೋಡಿಕೊಳ್ಳಿ, ಅಮೆರಿಕದ ವೀಸಾಕ್ಕೆ ಬೇಕಾದ ವೀಸಾಸ್ಕ್ರೀನ್ ಪ್ರಮಾಣಪತ್ರಕ್ಕೆ ಅದು ಬೇಕು. ಹೆಸರಿನದ್ದೂ ಒಂದು ರಗಳೆ. ನಮ್ಮ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಪೂರ್ತಿ. ಎಟಿಟಿಯ ಹೆಸರು ಪಾಸ್‌ಪೋರ್ಟಿನದ್ದಕ್ಕೆ ಕೂಡದಿದ್ದರೆ ಒಳಗೆ ಬಿಡುವುದಿಲ್ಲ, ಫೀಸೂ ಹೋಗುತ್ತದೆ.

ಬೆಂಗಳೂರಿನ ಕೇಂದ್ರಕ್ಕೆ ಹೋಗುವವರು ಮಂಗಳೂರು ಮೇಲಿನ ರಾತ್ರಿ ರೈಲಿನಲ್ಲಿ ಇಳಿದು ನೇರ ಪರೀಕ್ಷೆಗೆ ಕೂರುವುದು ಬೇಡ, ಒಂದು ದಿನ ಮೊದಲು ತಲುಪಿ. ಹಿಂದಿನ ವಾರ ನೈಟ್ ಡ್ಯೂಟಿ ಬಾರದಂತೆ ಬದಲಿಸಿಕೊಂಡಿರಬೇಕು. ಕೇಂದ್ರದಲ್ಲಿ ಅರ್ಧ ಗಂಟೆ ಮೊದಲು ಇರಬೇಕು. ಎರಡು ಗಂಟೆಯ ಹೊತ್ತಿಗೆ ಒಂದು ಬಿಡುವು, ಮೂರೂವರೆ ಗಂಟೆಗೆ ಇನ್ನೊಂದು ಕೊಡುತ್ತಾರೆ, ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಮೊದಲನೆಯದನ್ನು ತೆಗೆದುಕೊಳ್ಳಿ, ಐದು ನಿಮಿಷ ಸಾಕು. 150ಕ್ಕೆ ಹಂಚಿದರೆ ಪ್ರಶ್ನೆಗೆ ಎರಡು ನಿಮಿಷ. 86ನೆಯ ಪ್ರಶ್ನೆ ತೆರೆದಾಗ ಮೊದಲ ಸಲ ಫೇಲಾದವರ ಕೈ ನಡುಗುವುದು ಸಹಜ. ಆದರೆ ಪರೀಕ್ಷೆ ಮುಂದುವರಿದಿದೆ ಅಂದರೆ ತೀರ್ಮಾನ ಇನ್ನೂ ಆಗಿಲ್ಲ ಎಂದಷ್ಟೇ ಅರ್ಥ. ಅಲ್ಲಿಂದ ಮುಂದೆ ಸಮಯ ಸಾಲದೆಂದು ಸುಮ್ಮನೆ ಒತ್ತುತ್ತ ಹೋದರೆ ತಪ್ಪುಗಳ ಸಾಲು ಬಿದ್ದು ಅಂದಾಜು ಗೆರೆಯ ಕೆಳಗೆ ಜಾರುತ್ತದೆ. ಸಮಯ ಮುಗಿದರೂ ಕನಿಷ್ಠ ಸಂಖ್ಯೆ ಉತ್ತರಿಸಿದವರಿಗೆ ಕೊನೆಯ ಅಂದಾಜನ್ನೇ ಹಿಡಿಯುತ್ತಾರೆ. ಹಾಗಾಗಿ 149ನೆಯದನ್ನೂ ಮೊದಲನೆಯದನ್ನು ಓದಿದಷ್ಟೇ ನಿಧಾನಕ್ಕೆ ಓದಿ.