ಟೀಗೆ ಕರೆದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಲೀಡ್ಸ್‌ಗೆ ಹೊಸದಾಗಿ ಬಂದಿದ್ದೀರಾ? ಜಿಪಿ ಅನ್ನೋ ಮನೆ ಹತ್ತಿರದ ಡಾಕ್ಟರ ಹತ್ತಿರ ನೋಂದಣಿ, ಕೌನ್ಸಿಲ್ ಟ್ಯಾಕ್ಸ್ ಅನ್ನೋ ಮನೆ ಕಂದಾಯ, ಕೆಲಸಕ್ಕೆ ಬೇಕಾದ ನ್ಯಾಷನಲ್ ಇನ್ಶೂರೆನ್ಸ್ ನಂಬರು, ಇವನ್ನೆಲ್ಲ ಬಂದ ವಾರವೇ ಶುರು ಮಾಡಿಬಿಡಿ. ಅದು ಹೇಗೋ ಆಗುತ್ತೆ. ನನ್ನ ಮಾನ ಕಳೆದದ್ದು ‘ಟೀ’ ಅನ್ನೋ ಒಂದೇ ಅಕ್ಷರದ ಮಾತು.

ಬಂದು ಎರಡು ತಿಂಗಳಾಗಿತ್ತು. ಪಕ್ಕದ ಮನೆಯಾಕೆ ‘ಕಮ್ ರೌಂಡ್ ಫಾರ್ ಟೀ’ ಅಂತ ಗುರುವಾರ ಐದೂವರೆಗೆ ಕರೆದರು. ನಮ್ಮಲ್ಲಿ ‘ಕಾಫಿಗೆ ಬನ್ನಿ’ ಅಂದರೆ ಗೊತ್ತಲ್ಲ, ಒಂದು ಲೋಟ ಕಾಫಿ, ತಟ್ಟೆಯಲ್ಲಿ ಎರಡು ಕೋಡುಬಳೆ, ಅರ್ಧ ಗಂಟೆ ಮಾತು, ಕುಂಕುಮ ಇಟ್ಟುಕೊಂಡು ಎದ್ದು ಬರೋದು. ಹಸಿದ ಹೊಟ್ಟೇಲಿ ಯಾರ ಮನೆಗೂ ಹೋಗಬಾರದು ಅಂತ ನಾಲ್ಕೂವರೆಗೇ ವಾಂಗಿಬಾತ್ ಬಾರಿಸಿ ಹೊರಟೆವು. ಆರೂವರೆಗೆ ಇನ್ನೊಂದು ಕನ್ನಡದ ಮನೆಗೆ ಬರ್ತೀವಿ ಅಂತ ಬೇರೆ ಹೇಳಿಟ್ಟಿದ್ದೆ.

ಜ್ಯೂಸ್ ಬಂತು, ಮಾತು ಬಂತು, ಟೀ ಬರಲಿಲ್ಲ. ಗಂಟೆ ಆರಾಯಿತು. ನಮ್ಮನೆಯವರು ‘ಟೀ ಎಲ್ಲೇ?’ ಅಂತ ಕಣ್ಣಲ್ಲೇ ಕೇಳುತ್ತಿದ್ದಾರೆ. ಕೊನೆಗೆ ನಾನೇ ದೊಡ್ಡ ಮನಸ್ಸು ಮಾಡಿ, ‘ಟೀ ಎಲ್ಲ ಬೇಡ ಬಿಡಿ, ನಾವು ಹೊರಟ್ವಿ’ ಅಂತ ಎದ್ದು ನಿಂತೆ. ಆಕೆ ಮಾತಿಲ್ಲದೆ ಅಡುಗೆಮನೆ ಬಾಗಿಲು ತೆರೆದರು. ಮೇಜಿನ ಮೇಲೆ ಐದು ತಟ್ಟೆ. ಓವನ್‌ನಲ್ಲಿ, ನಾವು ಮಾಂಸ ತಿನ್ನೋದಿಲ್ಲ ಅಂತ ನೆನಪಿಟ್ಟು ಮಾಡಿದ ಚೀಸ್ ಮತ್ತು ಈರುಳ್ಳಿಯ ಪೈ. ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ‘ಟೀ’ ಅಂದರೆ ಸಂಜೆಯ ಊಟ! ಮತ್ತೆ ಕೂತೆವು. ವಾಂಗಿಬಾತಿನ ಮೇಲೆ ಪೈ ಇಳಿಸಿದ್ದನ್ನು ನಾನು ಇನ್ನೂ ಮರೆತಿಲ್ಲ, ಆಕೆಯ ಮುಖವನ್ನಂತೂ ಮರೆಯೋದೇ ಇಲ್ಲ.

ಉಳಿದವು ಸಣ್ಣಪುಟ್ಟವು. ನಮ್ಮ ‘ಲೈಟ್ ಟೀ’ ಇಲ್ಲಿ ‘ವೀಕ್ ಟೀ’. ‘ಒನ್ ಟೀ ಕಪ್’ ಕೇಳಿದರೆ ಖಾಲಿ ಬಟ್ಟಲು ಸಿಗುತ್ತೆ, ಕೇಳಬೇಕಾದ್ದು ‘ಕಪ್ ಆಫ್ ಟೀ’. ‘ಬಿಲ್ಡರ್ಸ್ ಟೀ’ ಅಂದರೆ ಗಾರೆ ಕೆಲಸದವರು ಕುಡಿಯೋ ಥರದ ಕಡಕ್ ಟೀ. ‘ಟೀ ಟವೆಲ್’ ಪಾತ್ರೆ ಒರೆಸೋ ಬಟ್ಟೆ. ‘ಕ್ರೀಮ್ ಟೀ’ಯಲ್ಲಿ ಕೆನೆಯನ್ನು ಟೀಗೆ ಹಾಕೋದಿಲ್ಲ, ಪಕ್ಕದ ಸ್ಕೋನ್ ಅನ್ನೋ ಬನ್ನಿನಂಥ ತಿಂಡಿಗೆ ಬಳಿಯುತ್ತಾರೆ, ಜಾಮ್ ಮೊದಲೋ ಕೆನೆ ಮೊದಲೋ ಅಂತ ಡೆವನ್‌ನವರಿಗೂ ಕಾರ್ನ್‌ವಾಲ್‌ನವರಿಗೂ ಜಗಳ, ನೀವು ನಡುವೆ ಬಾಯಿ ಹಾಕಬೇಡಿ. ‘ಯಾರ್ಕ್‌ಶೈರ್ ಟೀ’ ಅಂತ ಡಬ್ಬದ ಮೇಲಿದೆ ಅಂತ ಇಲ್ಲಿ ತೋಟ ಹುಡುಕಬೇಡಿ, ಸೊಪ್ಪು ಬರೋದು ಅಸ್ಸಾಂ, ಆಫ್ರಿಕಾ ಕಡೆಯಿಂದ. ನನಗೆ ಇಷ್ಟವಾದದ್ದು ‘ಪುಟ್ ದ ಕೆಟಲ್ ಆನ್’. ‘ಕೂತ್ಕೊಳ್ಳಿ, ಟೀಗಿಡ್ತೀನಿ’ ಅಂತ ನಮ್ಮಮ್ಮ ಹೇಳಿದ ಹಾಗೇ ಕೇಳಿಸುತ್ತೆ.

ಮಗಳಿಗೆ ಇದೆಲ್ಲ ಯಾರೂ ಕಲಿಸಲಿಲ್ಲ. ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು ‘ವಾಟ್ಸ್ ಫಾರ್ ಟೀ, ಅಮ್ಮಾ?’ ಅನ್ನುತ್ತಾಳೆ. ಒಂದು ದಿನ ಹಾಸನದಿಂದ ವಿಡಿಯೋ ಕಾಲ್‌ನಲ್ಲಿದ್ದ ನಮ್ಮಮ್ಮ ಅದನ್ನು ಕೇಳಿಸಿಕೊಂಡು, ‘ಮಗೂಗೆ ಬರೀ ಟೀ ಕುಡಿಸಿ ಮಲಗಿಸ್ತೀಯೇನೇ?’ ಅಂತ ರೇಗಿದರು. ಬಿಡಿಸಿ ಹೇಳಿದೆ. ‘ಹಂಗಾದ್ರೆ ಸಾಯಂಕಾಲದ ತಿಂಡಿ?’ ಅಂದರು.

ಐದೂವರೆಗೇ ಊಟ ಮುಗಿಯುವ ಮನೆಯಲ್ಲಿ ಅದು ಯಾವಾಗ ನಿಂತುಹೋಯಿತೋ ನನಗೇ ತಿಳಿಯದು. ‘ಇವತ್ತು ಉಪ್ಪಿಟ್ಟು ಮಾಡಿದ್ದೆ ಅಮ್ಮ’ ಅಂದೆ. ಮಾಡಿರಲಿಲ್ಲ.